ಲೋಟದ ಕೆಳಗಿನ ನೋಟು

ಬೆಳಕು ಹರಿಯುವ ಮೊದಲು ಅವಳು ಮಾಡಿ ಮುಗಿಸಬೇಕಾದ ಕೆಲಸಗಳು ಇವು: ಸಪ್ಪಳವಾಗದಂತೆ ಹಿಂಬಾಗಿಲ ಚಿಲಕ ತೆಗೆಯುವುದು, ಯಾಕೆಂದರೆ ಅತ್ತಿಗೆಯದು ಕೋಳಿನಿದ್ದೆ. ನಲ್ಲಿಯಲ್ಲಿ ನೀರು ನಿಲ್ಲುವುದರೊಳಗೆ ಇದ್ದಬದ್ದ ಪಾತ್ರೆಗಳನ್ನೆಲ್ಲ ತುಂಬಿಸಿಕೊಳ್ಳುವುದು. ರಾತ್ರಿ ಉಂಡವರು ಉಂಡಲ್ಲೇ ಬಿಟ್ಟ ತಟ್ಟೆ ತೊಳೆಯುವುದು. ಹಾಲು ಕಾಯಿಸುವುದು, ಉಕ್ಕುವ ಮೊದಲು ಇಳಿಸುವುದು; ಉಕ್ಕಿದರೆ ಒಲೆ ಒರೆಸುವುದು ಇನ್ನೊಂದು ಕೆಲಸ. ಅಣ್ಣನ ಶರಟಿಗೆ ಇಸ್ತ್ರಿ, ಕಾಲರಿಗೆ ಇನ್ನೊಂದು ಸಲ ಇಸ್ತ್ರಿ. ಅತ್ತಿಗೆಗೆ ಸಕ್ಕರೆಯಿಲ್ಲದ ಟೀ, ಅಣ್ಣನಿಗೆ ಸಕ್ಕರೆ ಮುಂದಾದ ಟೀ, ಎರಡಕ್ಕೂ ಮುಚ್ಚಳ. ತಿಂಡಿ. ಅಣ್ಣನ ಮಧ್ಯಾಹ್ನದ ಡಬ್ಬಿ. ಅತ್ತಿಗೆಯ ಮಂಡಿಗೆ ಹಚ್ಚುವ ಎಣ್ಣೆಯನ್ನು ಬೆಚ್ಚಗೆ ಮಾಡಿ ಮಂಚದ ಪಕ್ಕ ಇಡುವುದು. ಇಷ್ಟಾದ ಮೇಲೆ ತಾನೂ ಒಂದು ಲೋಟ ಟೀ ಕುಡಿಯುವುದು. ಇದೊಂದು ಮಾತ್ರ ಎಷ್ಟೋ ದಿನ ಬಿಟ್ಟುಹೋಗುತ್ತದೆ.

ಆಮೇಲೆ ಅವಳು ಕೆಲಸಕ್ಕೆ ಹೋಗುತ್ತಾಳೆ.

ಕೆಲಸ ಹೋಟೆಲಿನಲ್ಲಿ, ಊಟ ಬಡಿಸುವುದು. ಅಲ್ಲಿ ಎಲ್ಲರ ಬಾಯಲ್ಲೂ ಅವಳು ದೊಡ್ಡಕ್ಕ. ಮನೆಯಲ್ಲಿ ಎಲ್ಲರಿಗಿಂತ ಕಿರಿಯವಳಾದವಳು ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಹಿರಿಯಳಾಗಿಬಿಡುವುದು ಅವಳಿಗೇ ಆಗಾಗ ತಮಾಷೆಯಾಗಿ ಕಾಣುತ್ತಿತ್ತು. ಆದರೆ ತಮಾಷೆಯನ್ನು ಹೇಳಿಕೊಳ್ಳಲು ಯಾರಾದರೂ ಇರಬೇಕಲ್ಲ. ಗಂಡ ಹೋದಾಗ ಒಂದು ಟ್ರಂಕು ಹಿಡಿದುಕೊಂಡು ಅಣ್ಣನ ಮನೆಗೆ ಬಂದವಳು. ‘ನಾನಿದೀನಲ್ಲ’ ಅಂದಿದ್ದ ಅಣ್ಣ. ಆ ಒಂದು ಮಾತಿನ ನೆರಳಲ್ಲಿ ಅವಳ ತಲೆಯ ಅರ್ಧ ಕೂದಲು ಬೆಳ್ಳಗಾಗಿತ್ತು. ಅಣ್ಣನ ಮಗಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವಳೂ ಇವಳೇ. ಆ ಮಗಳು ಈಗ ಗಂಡನ ಮನೆಯಿಂದ ಅಮ್ಮನ ಫೋನಿಗೆ ಫೋನು ಮಾಡುತ್ತಾಳೆ. ಮಾತೆಲ್ಲ ಮುಗಿದ ಮೇಲೆ ‘ಅತ್ತೆ ಹೇಗಿದಾರೆ?’ ಎಂದು ಕೇಳುತ್ತಾಳೆ. ‘ಇದಾಳೆ’ ಎನ್ನುತ್ತಾಳೆ ಅತ್ತಿಗೆ. ಅಲ್ಲಿಗೆ ಫೋನು ಇಡುತ್ತಾರೆ.

ಅವಳ ಕೆಲಸದ ವಿಷಯ ಮಾತ್ರ ಮನೆಯಲ್ಲಿ ಯಾರೂ ಎತ್ತುವ ಹಾಗಿರಲಿಲ್ಲ. ನೆರೆಹೊರೆಯವರು ಕೇಳಿದರೆ ಅಣ್ಣ ‘ಒಂದು ಕಂಪನೀಲಿದಾಳೆ’ ಎನ್ನುತ್ತಿದ್ದ. ಸಂಬಳ ಮನೆಗೆ ಬರುವಾಗ ಅದು ಹೋಟೆಲಿನದೋ ಕಂಪನಿಯದೋ ಎಂದು ಯಾರೂ ಮೂಸಿ ನೋಡುತ್ತಿರಲಿಲ್ಲ.

ಆ ಹೋಟೆಲಿನಲ್ಲಿ ಗಲ್ಲಾದ ಹಿಂದೆ ಕೂರುವವಳೇ ಯಜಮಾನಿ. ಎಲ್ಲರಿಗೂ ಅವಳು ಗಲ್ಲಾದಮ್ಮ. ಅವಳು ಹಾಕಿದ ಕಟ್ಟುಪಾಡು ಎರಡು. ಒಂದು, ಗಿರಾಕಿಗಳು ಬಿಟ್ಟುಹೋಗುವ ಟಿಪ್ಸು ಯಾರ ಜೇಬಿಗೂ ಹೋಗಬಾರದು, ಮುಚ್ಚಳಕ್ಕೆ ಸೀಳು ಕೊಯ್ದ ಬಿಸ್ಕತ್ತಿನ ಡಬ್ಬಿಗೆ ಬೀಳಬೇಕು. ವಾರಕ್ಕೊಮ್ಮೆ ಬಡಿಸುವವರು, ಬೇಯಿಸುವವರು, ತೊಳೆಯುವವರು ಎಲ್ಲರಿಗೂ ಸಮಪಾಲು. ಎರಡನೆಯದು, ಗಿರಾಕಿ ಹೊಸ್ತಿಲು ದಾಟುವ ತನಕ ನೋಟನ್ನು ಮುಟ್ಟಬಾರದು, ಅದರ ಕಡೆ ಕಣ್ಣೂ ಹಾಯಿಸಬಾರದು. ‘ಕೈ ಚಾಚಿದ ಹಾಗೆ ಕಾಣಬಾರದು. ನಾವು ಬಡಿಸೋರು, ಬೇಡೋರಲ್ಲ’ ಎಂದು ಕೆಲಸಕ್ಕೆ ಸೇರಿದವರಿಗೆಲ್ಲ ಅವಳು ಮೊದಲ ದಿನವೇ ಹೇಳಿಕೊಡುತ್ತಿದ್ದಳು. ದೊಡ್ಡಕ್ಕನಿಗೆ ಅದು ಎಷ್ಟು ಮೈಗೂಡಿತ್ತೆಂದರೆ, ಟೇಬಲ್ಲಿನ ಮೇಲೆ ನೋಟು ಕಂಡರೆ ಕುತ್ತಿಗೆ ತಾನಾಗಿ ಆಚೆ ತಿರುಗುತ್ತಿತ್ತು.

ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಇವರ ಊಟ. ಹಿಟ್ಟಿನ ಮೂಟೆಗಳ ಮೇಲೆ ಕೂತು ಉಣ್ಣುವಾಗ ಟಿಪ್ಸಿನ ಜಗಳ ಪ್ರತಿದಿನ ಇದ್ದದ್ದೇ.

“ನಗೋದು ನಾನು, ಬೈಸ್ಕೊಳ್ಳೋದು ನಾನು, ಪಾಲು ಮಾತ್ರ ಊರಿಗೆಲ್ಲ” ಎಂದು ಶುರುಮಾಡುವವನು ಮೀಸೆ. ಅವಳ ಜೊತೆ ಬಡಿಸುವವನು.

“ನಿನ್ನ ಮೀಸೆ ನೋಡೋಕೆ ಬರ್ತಾರೇನೋ ಜನ? ನನ್ನ ಕೈರುಚಿಗೆ ಬರ್ತಾರೆ” ಎನ್ನುತ್ತಿದ್ದ ಅಡುಗೆಯವನು. “ಉಪ್ಪು ಒಂದು ಚೂರು ಜಾಸ್ತಿ ಮಾಡ್ತೀನಿ ನಾಳೆ. ಎಷ್ಟು ಟಿಪ್ಸ್ ಬರುತ್ತೋ ನೋಡೇಬಿಡೋಣ.”

“ಜಾಸ್ತೀನೇ ಬರುತ್ತೆ” ಎಂದಳು ಒಂದು ದಿನ ತೊಟ್ಟಿಯಮ್ಮ. ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಲ್ಲುವ ಮುದುಕಿ ಅವಳು. “ಬಳ್ಕೊಂಡು ತಿಂದೋನು ಚಿಲ್ಲರೆ ಇಟ್ಟು ಹೋಗ್ತಾನೆ. ತಟ್ಟೇಲಿ ಅರ್ಧ ಬಿಟ್ಟೋನು ನೋಟು ಇಡ್ತಾನೆ. ಏನೋ ತಪ್ಪು ಮಾಡಿದೋನ ಥರ.”

“ಅಮ್ಮಾ, ನೀವೇ ಒಂದು ಬೋರ್ಡ್ ಹಾಕಿಬಿಡಿ, ಇಷ್ಟಕ್ಕಿಷ್ಟು ಕೊಡಲೇಬೇಕು ಅಂತ” ಎಂದ ಮೀಸೆ ಗಲ್ಲಾದ ಕಡೆ ತಿರುಗಿ.

“ಕೊಡಿ ಅಂತಾನೂ ಹಾಕಲ್ಲ, ಕೊಡಬೇಡಿ ಅಂತಾನೂ ಹಾಕಲ್ಲ.”

“ಹಾಗಾದ್ರೆ ಸಂಬಳ ಜಾಸ್ತಿ ಮಾಡ್ತೀನಿ ಅಂತ ಹಾಕಿ. ಹೊರಗಡೆ ಬೇಡ, ಒಳಗಡೆ ಗೋಡೆಗೆ ಸಾಕು.”

ನಗು ಇಳಿದ ಮೇಲೆ ಗಲ್ಲಾದಮ್ಮ, “ದೊಡ್ಡಕ್ಕ ಏನಂತಾಳೆ?” ಎಂದು ಕೇಳಿದಳು.

ದೊಡ್ಡಕ್ಕ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: “ಋಣ ಇಟ್ಕೊಳ್ಳಲ್ಲ ಅಂತ ಹೇಳೋಕೆ ಟಿಪ್ಸ್ ಕೊಡೋದು. ಕೂತ್ರು, ಉಂಡ್ರು, ಕೊಟ್ರು, ಮುಗೀತು. ನಾಳೆ ರಸ್ತೇಲಿ ಸಿಕ್ರೆ ಗುರುತು ಹಿಡೀಬೇಕಾಗಿಲ್ಲ.”

“ಕ್ಯಾಲೆಂಡರಲ್ಲಿ ಗುರುತು ಹಾಕ್ರಪ್ಪ, ದೊಡ್ಡಕ್ಕ ಮಾತಾಡಿದ್ರು!” ಎಂದ ಮೀಸೆ.

ಅವತ್ತೇ ಗಲ್ಲಾದಮ್ಮ ಅವಳನ್ನು ಪಕ್ಕಕ್ಕೆ ಕರೆದು ಹೋಟೆಲಿನ ಮಹಡಿಯ ಕೋಣೆಯ ಮಾತು ತೆಗೆದದ್ದು. ಈರುಳ್ಳಿ ಮೂಟೆ ಹಾಕುತ್ತಿದ್ದ ಕಿರಿದಾದ ಕೋಣೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಬಾಡಿಗೆ ನಾಮಕಾವಾಸ್ತೆ.

“ನನಗೆ ಅಣ್ಣನ ಮನೆ ಇದೆಯಲ್ಲಮ್ಮ” ಎಂದಳು ದೊಡ್ಡಕ್ಕ.

“ಅಲ್ಲಿ ನಿನಗೆ ಮನೆ ಇದೆಯೋ, ಕೆಲಸ ಇದೆಯೋ?”

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಗಲ್ಲಾದಮ್ಮ ಮಾತನ್ನು ಎಳೆಯಲಿಲ್ಲ. “ಬರೋ ಶನಿವಾರದೊಳಗೆ ಹೇಳು. ಇಲ್ಲಾಂದ್ರೆ ಅಡುಗೆಯವನ ಭಾಮೈದ ಕೇಳ್ತಿದಾನೆ, ಅವನಿಗೆ ಕೊಟ್ಟುಬಿಡ್ತೀನಿ.”

ಆ ವಾರದ ರಜೆಯ ದಿನ ಅಣ್ಣನ ಮನೆಗೆ ಅವನ ಆಫೀಸಿನ ಸಾಹೇಬರು ಹೆಂಡತಿಯ ಜೊತೆ ಊಟಕ್ಕೆ ಬರುವವರಿದ್ದರು. ಬಡ್ತಿಯ ಮಾತು ಗಾಳಿಯಲ್ಲಿತ್ತು. ಅಣ್ಣ ಹಿಂದಿನ ದಿನದಿಂದಲೇ ಕಾಲು ಸುಟ್ಟವನ ಹಾಗೆ ಓಡಾಡುತ್ತಿದ್ದ. ಅವಳ ಹತ್ತಿರ ಬಂದು, “ನೀನೇ ಬಡಿಸಮ್ಮ. ನಿನ್ನಷ್ಟು ಅಚ್ಚುಕಟ್ಟಾಗಿ ಯಾರಿಗೆ ಬರುತ್ತೆ?” ಅಂದ. ಎಷ್ಟೋ ವರ್ಷದ ಮೇಲೆ ಅಣ್ಣ ತನ್ನ ಕೈಯನ್ನು ಹೊಗಳಿದನಲ್ಲ ಎಂದು ಅವಳಿಗೆ ಖುಷಿಯಾಯಿತು. ಹೊಗಳಿದ್ದು ಯಾವ ಕೈಯನ್ನು ಎಂಬುದು ತರಕಾರಿ ಹೆಚ್ಚುವಾಗ ಹೊಳೆಯಿತು. ಹೋಟೆಲಿನಲ್ಲಿ ಪಳಗಿದ ಕೈಯನ್ನು.

ಊಟಕ್ಕೆ ನಾಲ್ವರು ಕೂತರು. ಸಾಹೇಬರ ಹೆಂಡತಿ ಅತ್ತಿಗೆಯನ್ನೂ ಜೊತೆಗೆ ಕೂರಿಸಿಕೊಂಡು, ಬಡಿಸುತ್ತಿದ್ದವಳ ಕಡೆ ನೋಡಿ, “ಇವರು?” ಎಂದು ಕೇಳಿದಳು.

“ಇವಳು ಆಮೇಲೆ ಮಾಡ್ತಾಳೆ” ಎಂದಳು ಅತ್ತಿಗೆ.

ಸುಳ್ಳೇನೂ ಅಲ್ಲ. ಅವಳು ಯಾವಾಗಲೂ ಆಮೇಲೆಯೇ ಉಣ್ಣುವುದು. ಆದರೆ ಕೇಳಿದ ಪ್ರಶ್ನೆ ಅದಾಗಿರಲಿಲ್ಲ. ಅವಳು ಅಣ್ಣನ ಮುಖ ನೋಡಿದಳು. ಅಣ್ಣ ನೀರಿನ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ದಿಟ್ಟಿಸುತ್ತಿದ್ದ.

ಎರಡನೇ ಸಲ ಅನ್ನ ಬಡಿಸುವ ಹೊತ್ತಿಗೆ ಸಾಹೇಬರು ಮಾತಿಗಿಳಿದರು. “ಮೊನ್ನೆ ಇವಳಿಗೂ ನನಗೂ ಹೋಟೆಲಲ್ಲೇ ಜಗಳ ಕಣ್ರೀ. ಬಿಲ್ ಕೊಟ್ಟ ಮೇಲೂ ನೋಟು ಇಟ್ಟು ಬಂದ್ಳು. ಅಲ್ಲ, ಅವರಿಗೆ ಸಂಬಳ ಇರಲ್ವಾ? ನಾನು ಫೈಲಿಗೆ ಸಹಿ ಹಾಕಿದ್ರೆ ಯಾರಾದ್ರೂ ಟಿಪ್ಸ್ ಇಡ್ತಾರಾ?”

“ಇಟ್ರೆ ಅದಕ್ಕೆ ಬೇರೆ ಹೆಸರಿದೆ, ಬಿಡಿ” ಎಂದಳು ಹೆಂಡತಿ.

ಅಣ್ಣ ಜೋರಾಗಿ ನಗಲು ಹೋಗಿ, ಸಾಹೇಬರ ಮುಖ ನೋಡಿ, ನಗುವನ್ನು ಕೆಮ್ಮಾಗಿಸಿಕೊಂಡ. “ಸಾರ್ ಹೇಳೋದು ಸರಿ ಮೇಡಂ. ನಾವೇ ಅವರಿಗೆ ಅಭ್ಯಾಸ ಕೆಡಿಸ್ತೀವಿ.”

“ಏನು ಕೆಡ್ಸೋದ್ರೀ? ನಾವು ಕೂತಿರ್ತೀವಿ, ಅವರು ನಿಂತಿರ್ತಾರೆ. ಅಷ್ಟು ಸಾಕಲ್ಲ ಕೊಡೋಕೆ?” ಎಂದಳು ಸಾಹೇಬರ ಹೆಂಡತಿ.

ಅವಳು ಅಣ್ಣನ ಲೋಟಕ್ಕೆ ನೀರು ಸುರಿಯುತ್ತಿದ್ದಳು. ಅವನು ಓದುವಾಗ ಕಟ್ಟಿದ ಫೀಸಿನಲ್ಲಿ ಅವಳು ಶಾಲೆ ಬಿಟ್ಟು ಉಳಿಸಿಕೊಟ್ಟದ್ದೂ ಇತ್ತು. ಅದು ಯಾರ ಅಭ್ಯಾಸವನ್ನು ಕೆಡಿಸಿತೋ ಎಂದುಕೊಂಡಳು. ಒಂದು ಹನಿಯೂ ಆಚೆ ಬೀಳಲಿಲ್ಲ. ಊಟ ಮುಗಿಯುತ್ತ ಬಂದಾಗ ನಾಲಿಗೆ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು: “ಇನ್ನೇನಾದ್ರೂ ತರಲಾ ಸಾರ್?”

ಅತ್ತಿಗೆಯ ಕೈ ತುತ್ತಿನ ಸಮೇತ ಅರ್ಧದಲ್ಲಿ ನಿಂತಿತು. ಸಾಹೇಬರು ಮಾತ್ರ ಏನೂ ತಿಳಿಯದೆ “ಸಾಕಮ್ಮ, ಸಾಕು” ಎಂದರು.

ಕೈ ತೊಳೆದು ಬಂದ ಸಾಹೇಬರ ಹೆಂಡತಿ, ಯಾರಿಗೂ ಕಾಣದ ಹಾಗೆ ಎಂದುಕೊಂಡು, ತನ್ನ ಲೋಟದ ಕೆಳಗೆ ಒಂದು ನೋಟು ಮಡಚಿ ಇಟ್ಟಳು. ಆದರೆ ಇವಳಿಗೆ ಕಂಡಿತು. ಕಂಡ ಕೂಡಲೇ ಕುತ್ತಿಗೆ ಆಚೆ ತಿರುಗಿತು. ಅವಳು ಅಡುಗೆಮನೆಗೆ ಹೋಗಿ, ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತ ನಿಂತಳು. ನಡುಮನೆಯಲ್ಲಿ ಬೀಳ್ಕೊಡುವ ಮಾತು, ಚಪ್ಪಲಿಗಳ ಸದ್ದು, ಗೇಟಿನ ಕಿರಕಿರ. ಗಿರಾಕಿ ಹೊಸ್ತಿಲು ದಾಟಿದ್ದು ಖಾತ್ರಿಯಾದ ಮೇಲೆ ಅವಳು ಹೊರಗೆ ಬಂದಳು. ಲೋಟ ಎತ್ತಿದಾಗಲೇ ತಾನು ಮಾಡಿದ್ದೇನೆಂದು ತಿಳಿದದ್ದು. ‘ಅಯ್ಯೋ ಬೇಡ ಮೇಡಂ, ನಾನು ಅವರ ತಂಗಿ’ ಎಂದು ಹೇಳಬಹುದಾಗಿದ್ದ ಗಳಿಗೆ ಗೇಟು ದಾಟಿ ಹೋಗಿತ್ತು.

ಕಳಿಸಿಬಂದ ಅಣ್ಣ ಅವಳ ಕೈಯಲ್ಲಿನ ನೋಟು ನೋಡಿದ. ಮುಖ ಕೆಂಪಾಯಿತು. “ಇದೇನು? ಅವರು ಕೊಟ್ಟಿದ್ದಾ? ಅಲ್ಲೇ ವಾಪಸ್ ಕೊಡೋಕಾಗ್ಲಿಲ್ವಾ ನಿನಗೆ?”

“ಅವರು ಹೊರಗೆ ಹೋಗೋ ತನಕ ಮುಟ್ಟಬಾರದು.”

“ಇದೇನು ಹೋಟ್ಲಾ?”

ಅವಳಿಗೂ ಅದೇ ಗೊತ್ತಾಗಬೇಕಿತ್ತು. ಅತ್ತಿಗೆ ನಗುತ್ತ ನಡುವೆ ಬಾಯಿ ಹಾಕಿದಳು: “ಹೋಗ್ಲಿ ಬಿಡಿ, ಇಟ್ಕೊಳ್ಳಲಿ. ಪಾಪ, ಪ್ರೀತಿಯಿಂದ ಕೊಟ್ಟಿದಾರೆ. ನಮ್ಮ ಮನೇಲಿ ಯಾರಾದ್ರೂ ಏನಾದ್ರೂ ಕಿತ್ಕೊಳ್ತೀವಾ?”

ಅವಳು ಅಣ್ಣನ ಕಡೆ ತಿರುಗಿ ಕೇಳಿದಳು. “ನಾಳೆ ಆಫೀಸಲ್ಲಿ ಹೇಳ್ತೀಯಾ ಅವರಿಗೆ? ನಾನು ನಿನ್ನ ತಂಗಿ ಅಂತ?”

“ಹೇಳ್ತೀನಮ್ಮ. ಹೇಳದೆ ಏನು? ಸಮಯ ನೋಡ್ಕೊಂಡು ಹೇಳ್ತೀನಿ.”

ಅವನು ಹೇಳಿದರೆ ತನಗೆ ಮನೆ ಇದೆ, ಹೇಳದಿದ್ದರೆ ಕೆಲಸ ಇದೆ. ಗಲ್ಲಾದಮ್ಮ ಕೇಳಿದ ಪ್ರಶ್ನೆಗೆ ಇದಕ್ಕಿಂತ ಸುಲಭದ ಲೆಕ್ಕ ಸಿಗುವ ಹಾಗಿರಲಿಲ್ಲ. ಶನಿವಾರಕ್ಕೆ ಇನ್ನೂ ದಿನಗಳಿದ್ದವು.

ಆ ನೋಟನ್ನು ಅವಳು ಹೋಟೆಲಿನ ಡಬ್ಬಿಗೆ ಹಾಕಲಿಲ್ಲ. ಹೋಟೆಲಿನಲ್ಲಿ ದುಡಿದದ್ದಲ್ಲ ಅದು. ಪರ್ಸಿನ ಒಳಗಿನ ಜಿಪ್ಪಿನಲ್ಲಿಟ್ಟು, ಬಸ್ಸಿನಲ್ಲಿ ಕೂತಾಗ ಮೇಲಿಂದಲೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಮೊದಮೊದಲು ಅವಮಾನವಾಗಿಯೇ ಚುಚ್ಚುತ್ತಿತ್ತು. ಆಮೇಲೆ ಇನ್ನೊಂದು ಯೋಚನೆ ಬಂತು. ಆ ಮನೆಯಲ್ಲಿ ಇಷ್ಟು ವರ್ಷ ಬೇಯಿಸಿದ್ದಕ್ಕೆ, ಬಡಿಸಿದ್ದಕ್ಕೆ, ಬಾಣಂತನ ಮಾಡಿದ್ದಕ್ಕೆ, ರಾತ್ರಿಯೆಲ್ಲ ಕೂತು ಮಗುವಿನ ಹಣೆಗೆ ಒದ್ದೆಬಟ್ಟೆ ಹಾಕಿದ್ದಕ್ಕೆ ‘ಇದು ಕೆಲಸ’ ಎಂದವರು ಯಾರೂ ಇರಲಿಲ್ಲ. ನೋಟು ಇಟ್ಟು ಹಾಗೆ ಅಂದ ಮೊದಲನೆಯವಳು ಇವಳನ್ನು ಮನೆಯಾಳು ಎಂದುಕೊಂಡವಳು. ಇದನ್ನು ಯಾರ ಹತ್ತಿರ ಹೇಳುವುದು? ಮೀಸೆಗೆ ಹೇಳಿದರೆ ನಗೆಪಾಟಲು. ತೊಟ್ಟಿಯಮ್ಮನಿಗೆ ಹೇಳಿದರೆ ಅಳುತ್ತಾಳೆ. ಅವಳು ಕಿಟಕಿಯ ಆಚೆ ನೋಡುತ್ತ ಕೂತಿರುತ್ತಿದ್ದಳು.

ಸಂಜೆ ಮನೆಗೆ ಹೋದವಳು ಅಣ್ಣನಿಗೆ ಟೀ ಕೊಡುವಾಗ ಅವನ ಮುಖ ನೋಡುತ್ತಿದ್ದಳು. ಅಣ್ಣ ಟೀವಿ ನೋಡುತ್ತಿದ್ದ. ಒಂದು ದಿನ ಧೈರ್ಯ ಮಾಡಿ “ಹೇಳಿದ್ಯಾ?” ಎಂದಳು. “ಏನನ್ನ?” ಎಂದ. ತಕ್ಷಣ ನೆನಪಾಗಿ, “ಸಾಹೇಬ್ರು ಟೂರಲ್ಲಿದಾರೆ” ಎಂದ.

ಶನಿವಾರ ಮಧ್ಯಾಹ್ನ ಟೂರಿನಲ್ಲಿದ್ದ ಸಾಹೇಬರು ಹೋಟೆಲಿನ ಬಾಗಿಲಲ್ಲಿ ನಿಂತಿದ್ದರು. ಮುಂದೆ ಅವರ ಹೆಂಡತಿ. ಹಿಂದೆ ಅಣ್ಣ, ಅತ್ತಿಗೆ. ಎಲ್ಲಿಗೆ ಹೋಗುವುದೆಂದು ಆರಿಸಿದ್ದು ಸಾಹೇಬರ ಹೆಂಡತಿಯೇ ಇರಬೇಕು. ಬೇಡ ಎನ್ನಲು ಅಣ್ಣನಿಗೆ ಕಾರಣ ಹೊಳೆದಿರಲಿಕ್ಕಿಲ್ಲ. ಇದ್ದ ಒಂದೇ ಕಾರಣವನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಇಡೀ ಹೋಟೆಲಿನಲ್ಲಿ ಖಾಲಿ ಇದ್ದದ್ದು ದೊಡ್ಡಕ್ಕನ ಸಾಲಿನ ಟೇಬಲ್ಲು.

ಅವಳು ನೀರಿನ ಲೋಟಗಳನ್ನು ಹಿಡಿದು ಹೋದಳು. ಸಾಹೇಬರ ಹೆಂಡತಿ ತಲೆ ಎತ್ತಿ ನೋಡಿ ಕಣ್ಣರಳಿಸಿದಳು. “ಅರೆ! ನೀನು ಇವರ ಮನೇಲಿ ಕೆಲಸಕ್ಕಿದ್ದೋಳಲ್ವಾ? ಇಲ್ಲೂ ದುಡೀತೀಯಾ? ಎರಡೆರಡು ಕಡೆ! ಮೈಯಲ್ಲಿ ಹುಷಾರಾಗಿದೀಯಾ ಅಮ್ಮ?”

ಕೇಳಿದ ದನಿಯಲ್ಲಿ ಒಂಚೂರೂ ಕೊಂಕಿರಲಿಲ್ಲ. ಅದೇ ಕಷ್ಟವಾದದ್ದು.

“ಹುಷಾರಾಗಿದೀನಿ ಮೇಡಂ” ಎಂದಳು ಅವಳು. ಇನ್ನೊಂದು ಮಾತನ್ನೂ ಅವಳೇ ಹೇಳಿಬಿಡಬಹುದಿತ್ತು. ಆದರೆ ಅವಳಿಗೆ ಬೇಕಾಗಿದ್ದದ್ದು ತಾನು ಹೇಳುವ ಮಾತಲ್ಲ. ಸೀಸದ ಕಡ್ಡಿಯನ್ನು ಚೀಟಿಯ ಮೇಲೆ ಊರಿ, ಅಣ್ಣನ ಕಡೆ ತಿರುಗಿ ನಿಂತಳು. ಬಡಿಸುವವರು ಗಿರಾಕಿಯ ಮಾತಿಗೆ ಕಾಯುತ್ತ ನಿಲ್ಲುವುದು ದಿನಾ ಇದ್ದದ್ದೇ, ಯಾರೂ ಅದನ್ನು ವಿಶೇಷವಾಗಿ ಗಮನಿಸುವುದಿಲ್ಲ. ಅವಳು ಯಾವತ್ತಿಗಿಂತ ಹೆಚ್ಚು ಹೊತ್ತು ಕಾದಳು. ಅತ್ತಿಗೆ ಸೆರಗು ಸರಿಮಾಡಿಕೊಂಡಳು. ಸಾಹೇಬರು ಫ್ಯಾನಿನ ಕಡೆ ನೋಡಿದರು.

ಅಣ್ಣ ಮೆನು ಕಾರ್ಡಿನಿಂದ ಕಣ್ಣು ತೆಗೆಯದೆ ಹೇಳಿದ. “ನಾಲ್ಕು ಊಟ.”

ಅವಳು ಬರೆದುಕೊಂಡಳು.

ಬಡಿಸಿದಳು. ಅನ್ನ ಎರಡನೇ ಸಲ ತಂದಳು. ಅಣ್ಣನಿಗೆ ಖಾರ ಆಗುವುದಿಲ್ಲವೆಂದು ಗೊತ್ತಿದ್ದರಿಂದ, ಕೇಳದೆಯೇ ಅವನ ಮುಂದೆ ಮೊಸರಿನ ಬಟ್ಟಲು ಇಟ್ಟಳು. ಅವನು ಅದನ್ನು ಮುಟ್ಟಲಿಲ್ಲ. ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯಿತು. ಬಿಲ್ಲು ಕೊಟ್ಟ ಮೇಲೆ ಉಳಿದವರನ್ನು ಮುಂದೆ ಬಿಟ್ಟು, ಜೇಬಿನಿಂದ ದೊಡ್ಡದೊಂದು ನೋಟು ತೆಗೆದು ಲೋಟದ ಕೆಳಗೆ ಸೇರಿಸಿದ. ಅಭ್ಯಾಸ ಕೆಡಿಸಬಾರದು ಎಂದವನು ಇಟ್ಟದ್ದು, ಆ ಟೇಬಲ್ಲಿನ ಮೇಲೆ ಅವಳು ಯಾವತ್ತೂ ಕಾಣದಂಥ ನೋಟು. ಅವಳ ಕಡೆ ನೋಡಿದನೋ ಏನೋ. ಅವಳು ಬೆನ್ನು ತಿರುಗಿಸಿ ಪಕ್ಕದ ಟೇಬಲ್ಲು ಒರೆಸುತ್ತಿದ್ದಳು.

ಅಣ್ಣನ ಚಪ್ಪಲಿಯ ಸದ್ದು ಅವಳಿಗೆ ಗೊತ್ತು. ಎಡಗಾಲಿನದು ಕೊಂಚ ಎಳೆಯುತ್ತದೆ. ಅದು ಬಾಗಿಲ ಹತ್ತಿರ ಹೋಗಿ ಒಂದು ಗಳಿಗೆ ನಿಂತಿತು. ಈಗಲೂ ತಿರುಗಿ ಬಂದರೆ ಸಾಕಿತ್ತು. ಅವಳ ಕೈಯಲ್ಲಿನ ಬಟ್ಟೆಯೂ ನಿಂತಿತು. ಆಮೇಲೆ ಚಪ್ಪಲಿ ಹೊಸ್ತಿಲು ದಾಟಿ ರಸ್ತೆಯ ಸದ್ದಿನಲ್ಲಿ ಸೇರಿಹೋಯಿತು.

“ದೊಡ್ಡಕ್ಕಾ, ಲಾಟರಿ!” ಎಂದು ಮೀಸೆ ಓಡಿಬಂದ. “ಇಷ್ಟು ದೊಡ್ಡ ನೋಟು! ಯಾರು ಅವರು? ಗೊತ್ತಿರೋರಾ?”

“ಗಿರಾಕಿ” ಎಂದಳು ಅವಳು.

ಡಬ್ಬಿಯ ಸೀಳಿಗೆ ನೋಟು ಸುಲಭವಾಗಿ ಇಳಿಯಲಿಲ್ಲ. ಎರಡು ಮಡಿಕೆ ಮಾಡಿ ಬೆರಳಿನಿಂದ ತಳ್ಳಬೇಕಾಯಿತು. ಗಲ್ಲಾದಮ್ಮ ನೋಡುತ್ತಿದ್ದಳು. ದೊಡ್ಡಕ್ಕನೇ ಹೇಳಿದಳು. “ಕೋಣೆ ನನಗಿರಲಿ.”

“ಬಾಗಿಲಿಗೆ ಬೀಗ ಇಲ್ಲ. ನೀನೇ ತಂದ್ಕೋಬೇಕು” ಎಂದಳು ಗಲ್ಲಾದಮ್ಮ.

ಸಂಜೆ ಕೆಲಸ ಬಿಟ್ಟ ಮೇಲೆ ಅವಳು ಬಸ್ಸಿನ ನಿಲ್ದಾಣದ ಪಕ್ಕದ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋದಳು. ಚಿಕ್ಕದೊಂದು ಬೀಗ ಆರಿಸಿ, ಪರ್ಸಿನ ಒಳಗಿನ ಜಿಪ್ಪು ತೆಗೆದು, ಸಾಹೇಬರ ಹೆಂಡತಿ ಇಟ್ಟುಹೋಗಿದ್ದ ನೋಟನ್ನು ಕೊಟ್ಟಳು. ಅದು ಅವಳು ಮನೆಯಲ್ಲಿ ದುಡಿದದ್ದು.

ಅಂಗಡಿಯವನು ಬೀಗವನ್ನು ಎರಡು ಸಲ ಹಾಕಿ ತೆಗೆದು ತೋರಿಸಿ, ಎರಡು ಬೀಗದ ಕೈಗಳನ್ನು ಬಿಡಿಬಿಡಿಯಾಗಿ ಮುಂದಿಟ್ಟ. “ಒಂದು ನಿಮ್ಮ ಹತ್ರ ಇರಲಿ ಅಮ್ಮ. ಇನ್ನೊಂದು ನಿಮ್ಮೋರ ಯಾರ ಹತ್ರಾನಾದ್ರೂ ಕೊಟ್ಟಿರಿ. ಕಳೆದುಹೋದ್ರೆ ಬೇಕಾಗುತ್ತೆ.”

ಅವಳು ಎರಡನೆಯದನ್ನು ಅಂಗೈಯಲ್ಲಿಟ್ಟುಕೊಂಡು ನಿಂತಳು. ಗಂಡನ ಮನೆಯಲ್ಲಿರುವ ಅಣ್ಣನ ಮಗಳು ನೆನಪಾದಳು. ಅವಳ ಫೋನ್ ನಂಬರು ಇರುವುದು ಅತ್ತಿಗೆಯ ಫೋನಿನಲ್ಲಿ. ತೊಟ್ಟಿಯಮ್ಮ ತನ್ನ ಕನ್ನಡಕವನ್ನೇ ಎಲ್ಲಿಟ್ಟೆನೆಂದು ಹುಡುಕುವವಳು. ಗಲ್ಲಾದಮ್ಮನಿಗೆ ಕೊಟ್ಟರೆ ಅದು ಮತ್ತೆ ಯಜಮಾನಿಯ ಕೋಣೆಯೇ ಆಗುತ್ತದೆ. ಅಣ್ಣನ ಹೆಸರೂ ಬಂತು, ಬಾರದೆ ಇರುತ್ತದೆಯೇ. ಬಂದು, ಬಾಗಿಲ ಹತ್ತಿರ ಒಂದು ಗಳಿಗೆ ನಿಂತು, ಹೋಯಿತು.

“ಏನಮ್ಮ, ಬೇರೆ ಬೀಗ ತೋರಿಸ್ಲಾ?” ಎಂದ ಅಂಗಡಿಯವನು.

“ಬೇಡ. ಒಂದು ತುಂಡು ದಾರ ಇದ್ರೆ ಕೊಡಿ.”

ಅವನು ಕೊಟ್ಟ ದಾರಕ್ಕೆ ಅವಳು ಎರಡು ಬೀಗದ ಕೈಗಳನ್ನೂ ಒಟ್ಟಿಗೆ ಪೋಣಿಸಿ ಗಂಟು ಹಾಕಿದಳು. ಅಣ್ಣನ ಮನೆಯ ಕಡೆಯ ಬಸ್ಸು ಬಂದು ನಿಂತಿತು. ಟ್ರಂಕು ಇನ್ನೂ ಅಲ್ಲೇ ಇದೆ, ಬೆಳಿಗ್ಗೆ ಹಾಲು ಇಳಿಸುವವರು ಯಾರೋ ಎಂಬ ಯೋಚನೆಯೂ ಬಂತು. ಟ್ರಂಕು ಎಲ್ಲಿಗೂ ಓಡಿಹೋಗುವುದಿಲ್ಲ. ಅವಳು ದಾರವನ್ನು ಕುತ್ತಿಗೆಗೆ ಹಾಕಿಕೊಂಡು, ಬಸ್ಸು ಹೊರಡುವ ತನಕ ಅದರ ಕಡೆ ಕಣ್ಣು ಹಾಯಿಸದೆ ನಿಂತಿದ್ದು, ಆಮೇಲೆ ಹೋಟೆಲಿನ ಮೆಟ್ಟಿಲ ಕಡೆ ನಡೆದಳು.